ನೀಲಿ ಚುಕ್ಕಿ ಬಿದ್ದ ಪದಗಳು

ರಾನ್ಸೆ, 3 ಸೆಪ್ಟೆಂಬರ್ 1966

ಮಾನ್ಯ ತಾದೆಮಾ ಅವರಿಗೆ,

ಕಳೆದ ತಿಂಗಳು ಗೆಂಟಿನಲ್ಲಿ ನೀವು ನಡೆಸಿದ ಡಚ್ ಉಚ್ಚಾರಣೆಯ ಶಿಬಿರದಲ್ಲಿ ಕೊನೆಯ ಬೆಂಚಿನಲ್ಲಿ ಕೂತಿದ್ದವಳು ನಾನು. ನಿಮ್ಮ ಊರು 'ಹಾರ್ಲೆಮ್' ಅನ್ನಲು ಹೋಗಿ 'ಆರ್ಲೆಮ್' ಅಂದೆ. ಇಡೀ ತರಗತಿ ನಕ್ಕಿತು, ನೀವು ನಗಲಿಲ್ಲ. ಹೊರಡುವಾಗ ಬಾಗಿಲ ಬಳಿ ಛತ್ರಿ ಇಡುವ ಡಬ್ಬಿಗೆ ನಾನು 'ಪಾರಾಪ್ಲ್ಯೂಬಾಕ್' ಅಂದದ್ದು ಕೇಳಿ ನಿಂತಿರಿ. "ಇನ್ನೊಂದು ಸಲ ಹೇಳ್ತೀರಾ?" ಅಂದಿರಿ. ಹೇಳಿದೆ. "ಎಲ್ಲಿಯವರು?" ಅಂದಿರಿ. ರಾನ್ಸೆ ಅಂದೆ. ಟೋಪಿ ತೆಗೆದು ಹೊರಟುಹೋದಿರಿ. ನನ್ನ ಊರಿನ ಹೆಸರು ಕೇಳಿ ಟೋಪಿ ತೆಗೆದವರನ್ನು ನಾನು ಇನ್ನೂ ಕಂಡಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಬ್ರಸೆಲ್ಸ್ ರೇಡಿಯೊದಲ್ಲಿ ಉದ್ಘೋಷಕಿಯಾಗುವುದು ನನ್ನ ಆಸೆ. ದನಿಯ ಪರೀಕ್ಷೆ ಇನ್ನೊಂದು ವರ್ಷದೊಳಗೆ ಕರೆಯುತ್ತಾರಂತೆ. ಒಬ್ಬರಿಗೆ ಒಂದೇ ಸಲ ಅವಕಾಶ. ಈಗ ನಾನು ಸೋದರತ್ತೆ ಜೊರ್ಜೆತ್ ಅವರ ಕೇಶಾಲಂಕಾರದ ಅಂಗಡಿಯಲ್ಲಿ ಹೆಂಗಸರ ತಲೆ ತೊಳೆಯುತ್ತೇನೆ. ಹದಿನಾರಕ್ಕೆ ಶುರು ಮಾಡಿದ್ದು, ಈಗ ಇಪ್ಪತ್ತಮೂರು. ಹೀಗೇ ಬಿಟ್ಟರೆ ಅರವತ್ತರವರೆಗೂ ತೊಳೆಯುತ್ತಿರುತ್ತೇನೆ.

ನಿಮ್ಮ ಪಾಠಕ್ಕೆ ಶುಲ್ಕ ಕೊಡುವ ಶಕ್ತಿ ನನಗಿಲ್ಲ. ಆದರೆ ಫ್ರೆಂಚರಿಂದ ಬಂದು ನಮ್ಮ ಡಚ್ ಪದಗಳ ಜೊತೆ ಅಂಟಿಕೊಂಡ ಜೋಡಿಪದಗಳನ್ನು ಹುಡುಕುತ್ತಿದ್ದೀನಿ, ಪುಸ್ತಕ ಬರೆಯುತ್ತೀನಿ ಎಂದಿದ್ದಿರಿ. ನಮ್ಮದು ಬೆಲ್ಜಿಯಮ್ಮಿನ ಭಾಷಾಗಡಿಯ ಊರು. ಒಂದು ಬೀದಿ ದಾಟಿದರೆ ಫ್ರೆಂಚ್. ಅತ್ತೆಯ ಅಂಗಡಿಯಲ್ಲಂತೂ ಸುಗಂಧದ ಸೀಸೆಯಿಂದ ಹಿಡಿದು ಛಾವಣಿಯ ದೀಪದವರೆಗೆ ಎಲ್ಲದಕ್ಕೂ ಅರ್ಧ ಫ್ರೆಂಚ್ ಅರ್ಧ ನಮ್ಮದು. ನಾನು ಪದ ಕೊಡುತ್ತೇನೆ, ನೀವು ನನ್ನ ನಾಲಿಗೆ ತಿದ್ದಿ. ಅಂಗಡಿಯಲ್ಲಿ ಹಾಡು ಹಾಕಲು ತಂದ ಟೇಪ್ ರೆಕಾರ್ಡರ್ ಇದೆ. ಅತ್ತೆಗೆ ಹೇಳಿದರೆ, "ತಗೊಳ್ಳೇ, ಆದ್ರೆ ಆ ಹಾರ್ಲೆಮ್ಮಿನವನಿಗೆ ನನ್ನ ವಯಸ್ಸು ಗಿಯಸ್ಸು ಹೇಳ್ಬೇಡ" ಅಂದಳು.

ವಿಶ್ವಾಸಿ,
ರೈನ್‌ಹಿಲ್ಡ ಕೊಸೈನ್ಸ್

*

ಹಾರ್ಲೆಮ್, 12 ಸೆಪ್ಟೆಂಬರ್ 1966

ಕುಮಾರಿ ಕೊಸೈನ್ಸ್ ಅವರಿಗೆ,

ನೀವು ಚೆನ್ನಾಗಿ ನೆನಪಿದ್ದೀರಿ. ಒಪ್ಪಂದ ನನಗೆ ಸಮ್ಮತ.

ಕೆಲಸದ ಕ್ರಮ ಹೀಗೆ. ಪ್ರತಿ ಪದವನ್ನೂ ಒಂದೊಂದು ಚೀಟಿಯಲ್ಲಿ ಬರೆಯಿರಿ. ಬಾಯಲ್ಲಿ ಅದು ಎಲ್ಲೆಲ್ಲಿ ತುಂಡಾಗುತ್ತದೋ ಅಲ್ಲಲ್ಲಿ ಪೆನ್ಸಿಲಿನಿಂದ ಗೀಟು ಹಾಕಿ. ಯಾವ ತುಂಡಿನ ಮೇಲೆ ಒತ್ತು ಬೀಳುತ್ತದೋ ಅದರ ಕೆಳಗೆ ಗೆರೆ ಎಳೆಯಿರಿ. ಗೊತ್ತಾಗದಿದ್ದರೆ ಮೇಜಿನ ಮೇಲೆ ಬೆರಳಿನಿಂದ ತಟ್ಟಿ ನೋಡಿ: ಯಾವ ತಟ್ಟು ತಾನಾಗಿ ಜೋರಾಗುತ್ತದೋ ಅದೇ ಒತ್ತು. ಆಮೇಲೆ ಪದವನ್ನು ಟೇಪಿನಲ್ಲಿ ನಿಧಾನವಾಗಿ ಓದಿ. ಜೊತೆಗೆ ಸುದ್ದಿಪತ್ರಿಕೆಯ ಒಂದು ಅಂಕಣವನ್ನೂ ಓದಿ ಕಳಿಸಿ.

ನಾನು ಚೀಟಿಗಳ ಮೇಲೆ ಗುರುತು ಹಾಕಿ ಹಿಂದಿರುಗಿಸುತ್ತೇನೆ. ಕೆಂಪು ಎಂದರೆ ತಪ್ಪು, ತಿದ್ದಿಕೊಳ್ಳಿ. ನೀಲಿ ಚುಕ್ಕಿ ಇದ್ದರೆ ಆ ಪದವನ್ನು ಇದ್ದ ಹಾಗೇ ಬಿಡಿ.

ಮೊದಲು ನಿಮ್ಮ 'ಹ'ಕಾರ. ಕನ್ನಡಿ ಮುಂದೆ ನಿಂತು ಊದಿ. ಕನ್ನಡಿ ಮಸುಕಾದರೆ 'ಹ' ಬಂತೆಂದು ಅರ್ಥ. ನಿಮ್ಮ ಕಡೆ ಕನ್ನಡಿಗೆ ಬರವಿರಲಾರದು.

ಏವರ್ಟ್ ತಾದೆಮಾ

*

ರಾನ್ಸೆ, 20 ನವೆಂಬರ್ 1966

ಮೇಷ್ಟ್ರೇ,

ಹಾಗೆ ಕರೆಯಬಹುದು ತಾನೇ? ಕರೆದಾಗಿದೆ.

ಅಂಗಡಿಯ ಕನ್ನಡಿಗಳೆಲ್ಲ ನನ್ನ ಉಸಿರಿನಿಂದ ಮಸುಕು. ಅತ್ತೆ ಬಟ್ಟೆ ಹಿಡಿದು ನನ್ನ ಹಿಂದೆ ಹಿಂದೆ ಬರುತ್ತಾಳೆ. "ಹುಡುಗಿ ಊದ್ತಾಳೆ, ನಾನು ಒರೆಸ್ತೀನಿ. ರೇಡಿಯೊದವ್ರು ಸಂಬಳ ಇಬ್ಬರಿಗೂ ಕೊಡ್ತಾರೇನೋ" ಅನ್ನುತ್ತಾಳೆ. ಆದರೂ 'ಹ' ಬಂದಿದೆ. ಮೊನ್ನೆ ಮಾಂಸದಂಗಡಿಯವನ ಹತ್ತಿರ ಹಂದಿಮಾಂಸ ಕೇಳುವಾಗ ಬೇಡದ ಕಡೆಯಲ್ಲೂ 'ಹ' ಸೇರಿಸಿದೆನಂತೆ. "ಮದಾಂ ಯಾವಾಗ ಬಂದ್ರಿ ಹಾಲೆಂಡಿನಿಂದ?" ಅಂದ.

ಒತ್ತು ಹುಡುಕಲು ನನಗೆ ಮೇಜು ಸಿಗುವುದಿಲ್ಲ, ಇಡೀ ದಿನ ಕೈ ಯಾರದೋ ತಲೆಯಲ್ಲಿರುತ್ತದೆ. ಅದಕ್ಕೆ ತಲೆಯ ಮೇಲೇ ತಟ್ಟುತ್ತೇನೆ. ನೇಯ್ಗೆ ಗಿರಣಿಯ ಯಜಮಾನರ ಹೆಂಡತಿ ಮದಾಂ ದೆಲ್‌ಕೂರ್ ಹೋದ ತಿಂಗಳು ಬೇಸಿನ್ನಿನಿಂದ ತಲೆಯೆತ್ತಿ, "ಏನಮ್ಮಾ, ತಲೆ ತೊಳೀತಿದೀಯೋ ರೊಟ್ಟಿ ಹಿಟ್ಟು ನಾದ್ತಿದೀಯೋ?" ಅಂದರು. ಆಗ ನಾನು ಸುಗಂಧದ ಸೀಸೆಯ ಪದ ತಟ್ಟುತ್ತಿದ್ದೆ: ಪರ್-ಫ್ಯೂಮ್-ಫ್ಲೆಸ್. ಜೋರು, ಮೆಲ್ಲಗೆ, ಮೆಲ್ಲಗೆ.

ಆ ಚೀಟಿಗೇ ನಿಮ್ಮ ನೀಲಿ ಚುಕ್ಕಿ ಬಿದ್ದದ್ದು. ಉಳಿದ ಚೀಟಿಗಳೆಲ್ಲ ಕೆಂಪು, ಮದಾಂ ದೆಲ್‌ಕೂರರ ಉಗುರಿನಷ್ಟೇ ಕೆಂಪು. ಛತ್ರಿ ಡಬ್ಬಿಗೂ ಒಂದು ಚುಕ್ಕಿ ಬಿದ್ದಿದೆ. ಎರಡನ್ನೂ ನನ್ನ ಬೇಸಿನ್ನಿನ ಮೇಲಿನ ಕನ್ನಡಿಯ ಅಂಚಿಗೆ ಸಿಕ್ಕಿಸಿದ್ದೇನೆ. ಹುಟ್ಟಿದಾರಭ್ಯ ನನ್ನ ಬಾಯಿಂದ ಸರಿಯಾಗಿ ಬಂದ ಪದಗಳು ಇವೆರಡೇ ಎಂದು ಎಲ್ಲರಿಗೂ ತೋರಿಸುತ್ತಿದ್ದೇನೆ. ಇನ್ನಷ್ಟು ಚುಕ್ಕಿ ಗಳಿಸುತ್ತೇನೆ, ನೋಡುತ್ತಿರಿ.

ರೈನ್‌ಹಿಲ್ಡ

*

ಹಾರ್ಲೆಮ್, 9 ಜನವರಿ 1967

ಪ್ರಿಯ ರೈನ್‌ಹಿಲ್ಡ,

ನಿಮ್ಮ ಪತ್ರ ಓದಿ ನಕ್ಕೆ. ನನಗೆ ಅದು ಅಪರೂಪ. ಹೆಂಡತಿ ತೀರಿಕೊಂಡ ಮೇಲೆ ಈ ಮನೆಯಲ್ಲಿ ಕೇಳುವ ದನಿ ಎಂದರೆ ನಿಮ್ಮ ಟೇಪು ಮಾತ್ರ.

'ಹ' ಚೆನ್ನಾಗಿ ಕೂತಿದೆ. 'ಗ'ಕಾರವನ್ನು ಇನ್ನೂ ಗಂಟಲ ಹಿಂದಿನಿಂದ ಎಳೆಯಿರಿ. ಸ್ವರಗಳನ್ನು ನುಂಗುವುದು ಕಡಿಮೆಯಾಗಿದೆ. ಚೀಟಿಗಳನ್ನು ಗುರುತು ಹಾಕಿ ಇದರೊಡನೆ ಕಳಿಸಿದ್ದೇನೆ. ಉಡುಗೊರೆ ಚೀಟಿಗೆ ನೀವು ಹೇಳುವ 'ಕಾದೋಬಾನ್' ಅಮೂಲ್ಯವಾದದ್ದು. ಇಂಥವು ಇನ್ನೂ ಬೇಕು. ಗಿರಾಕಿಗಳು ಆಡಿದ್ದನ್ನೆಲ್ಲ ಹಿಡಿಯಿರಿ, ನಿಮ್ಮ ಬಾಯಲ್ಲಿ ಹೇಗೆ ಬರುತ್ತದೋ ಹಾಗೇ ಓದಿ, ಯೋಚನೆ ಮಾಡಿ ಓದಬೇಡಿ.

ನನ್ನ ಪುಸ್ತಕದ ನಾಲ್ಕನೆಯ ಅಧ್ಯಾಯ ನಿಮ್ಮಿಂದಾಗಿ ಬೆಳೆಯುತ್ತಿದೆ.

ಏವರ್ಟ್ ತಾದೆಮಾ

*

ರಾನ್ಸೆ, 28 ಮೇ 1967

ಮೇಷ್ಟ್ರೇ,

ಈ ಸಲ ಒಳ್ಳೆಯ ಸುಗ್ಗಿ. ಚರ್ಚಿನಲ್ಲಿ ಮಕ್ಕಳ ಮೊದಲ ಕಮ್ಯುನಿಯನ್ನಿನ ತಿಂಗಳಲ್ಲವೇ, ಊರಿನ ಹೆಂಗಸರೆಲ್ಲ ಕೂದಲು ಸುರುಳಿ ಮಾಡಿಸಿಕೊಳ್ಳಲು ಸಾಲುಗಟ್ಟಿದ್ದರು. ಕಾಲುದಾರಿಯ ಕಲ್ಲು, ಛಾವಣಿ ದೀಪ, ಬಾಲ್ಕನಿ ಬಾಗಿಲು, ಕೈಗಡಿಯಾರ ರಿಪೇರಿಯವನು, 'ಶೊಕೊಲಾದೆಮೆಲ್ಕ್' ಅನ್ನುವ ಬಿಸಿ ಚಾಕೊಲೇಟು ಹಾಲು, ಎಲ್ಲ ಬಾಚಿಕೊಂಡೆ. ಡ್ರೈಯರಿನ ಕೆಳಗೆ ಕೂತವರಿಗೆ ತಾವು ಕಿರುಚುತ್ತಿದ್ದೇವೆಂಬುದು ಗೊತ್ತಾಗುವುದಿಲ್ಲ, ಒತ್ತು ಹಿಡಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಕನ್ನಡಿಯ ಅಂಚಿನಲ್ಲಿ ಜಾಗ ಸಾಲದೆ ಚುಕ್ಕಿಯ ಚೀಟಿಗಳು ಈಗ ಪಕ್ಕದ ಕನ್ನಡಿಗೂ ಹಬ್ಬಿವೆ. ಅತ್ತೆ ಮೊನ್ನೆ ನನ್ನ ಹೊಸ ಟೇಪು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಯಾಕೆಂದು ಬರೆಯುವುದಿಲ್ಲ, ಅವಳು ಎಲ್ಲದಕ್ಕೂ ನಗುತ್ತಾಳೆ.

ಒಂದು ಅನುಮಾನ. ನಿನ್ನೆ ರೇಡಿಯೊದಲ್ಲಿ ಉದ್ಘೋಷಕಿ 'ಕಾದೋಬಾನ್' ಅಂದದ್ದು ಬೇರೆ ತರಹ ಕೇಳಿಸಿತು. ನಾವು ಮೊದಲ ತುಂಡಿಗೆ ಒತ್ತು ಕೊಡುತ್ತೇವೆ, ಆಕೆ ಎರಡನೆಯದಕ್ಕೆ ಕೊಟ್ಟ ಹಾಗಿತ್ತು. ನೀರು ಬಿಟ್ಟಿದ್ದೆ, ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ. ನೀವು ನೀಲಿ ಹಾಕಿದ ಮೇಲೆ ಅನುಮಾನ ಪಡಬಾರದು. ಆದರೂ ಪರೀಕ್ಷೆಗೆ ಇದೇ ಸರಿ ತಾನೇ?

ರೈನ್‌ಹಿಲ್ಡ

*

ಹಾರ್ಲೆಮ್, 4 ಜುಲೈ 1967

ಪ್ರಿಯ ರೈನ್‌ಹಿಲ್ಡ,

ರೇಡಿಯೊ ಕೇಳಿ ಕಲಿಯಬೇಡಿ. ಎರಡು ಕಡೆ ಕಿವಿ ಕೊಟ್ಟವರಿಗೆ ಎರಡೂ ದಕ್ಕುವುದಿಲ್ಲ. ನೀಲಿ ಚುಕ್ಕಿ ಇದ್ದ ಪದಗಳನ್ನು ಮುಟ್ಟಬೇಡಿ ಎಂದು ಮೊದಲೇ ಹೇಳಿದ್ದೇನೆ.

ಈ ಟೇಪು ಬಹಳ ಶ್ರೀಮಂತವಾಗಿದೆ. ಚಾಕೊಲೇಟು ಹಾಲು ನನಗೆ ಪೂರ್ತಿ ಅನಿರೀಕ್ಷಿತ. ಅಷ್ಟುದ್ದದ ಪದದಲ್ಲಿ ಒತ್ತು ಮೊದಲ ತುಂಡಿನವರೆಗೂ ಹಿಂದೆ ಸರಿದಿದೆ ಎಂದರೆ ನಾನು ಎಣಿಸಿದ್ದಕ್ಕಿಂತ ದೊಡ್ಡ ಸಂಗತಿಯೊಂದು ನಿಮ್ಮ ಊರಿನಲ್ಲಿ ನಡೆಯುತ್ತಿದೆ. ಅಧ್ಯಾಯವನ್ನು ಮೊದಲಿನಿಂದ ಬರೆಯಬೇಕಾಗಿದೆ, ಸಂತೋಷದಿಂದ ಬರೆಯುತ್ತಿದ್ದೇನೆ.

ನಿಮ್ಮ 'ಗ' ಈಗ ಹಾರ್ಲೆಮ್ಮಿನದು.

ಏವರ್ಟ್ ತಾದೆಮಾ

*

ರಾನ್ಸೆ, 14 ಅಕ್ಟೋಬರ್ 1967

ಮೇಷ್ಟ್ರೇ,

ಪರೀಕ್ಷೆಗೆ ಕರೆ ಬಂತು. ಫೆಬ್ರುವರಿಯಲ್ಲಿ, ಬ್ರಸೆಲ್ಸಿನಲ್ಲಿ. ಅಂಚೆಯವನು ಲಕೋಟೆ ಕೊಟ್ಟಾಗ ನನ್ನ ಕೈಯೆಲ್ಲ ನೊರೆ. ಅತ್ತೆಯೇ ಒಡೆದು ಓದಿದಳು. ಓದಿ, ಬೇಸಿನ್ನಿನಲ್ಲಿದ್ದ ತಲೆಯನ್ನು ತಾನೇ ತೊಳೆಯಲು ನಿಂತಳು. "ಹೋಗೇ, ಕೂತ್ಕೋ. ಇವತ್ತಿಂದ ನಿನ್ನ ಕೈ ನೀರಿಗೆ ಹೋಗೋದು ಬೇಡ" ಅಂದಳು. ಅಣಕಿಸುವವಳು ಹಾಗೆ ಅಂದಾಗ ನನಗೆ ಅಳು ಬಂತು. ಮರುದಿನ ಮತ್ತೆ ನೀರಿಗೇ ಹಾಕಿದಳು, ಅದು ಬೇರೆ ಮಾತು.

ಒಂದು ಉಪಕಾರ ಮಾಡಿ. ಪರೀಕ್ಷೆಯಲ್ಲಿ ಕೊಡುವಂಥ ಒಂದು ಪ್ರಕಟಣೆಯನ್ನು ನಾನೇ ಬರೆದು, ಓದಿ, ಟೇಪಿನಲ್ಲಿ ಕಳಿಸಿದ್ದೇನೆ. ನಮ್ಮ ಜೋಡಿಪದಗಳೂ ಅದರಲ್ಲಿವೆ. ನನ್ನ ಶಿಕ್ಷಕರಾಗಿ ಕೇಳಬೇಡಿ, ತೀರ್ಪುಗಾರರ ಹಾಗೆ ಕೇಳಿ. ಎಲ್ಲಾದರೂ ನಮ್ಮೂರ ವಾಸನೆ ಬಂದರೆ ಮುಲಾಜಿಲ್ಲದೆ ಕೆಂಪು ಹಾಕಿ. ಇನ್ನೊಂದು ಸಲ ಬಿಡುವುದಿಲ್ಲ ಅವರು.

ರೈನ್‌ಹಿಲ್ಡ

*

ಹಾರ್ಲೆಮ್, 22 ಡಿಸೆಂಬರ್ 1967

ಪ್ರಿಯ ರೈನ್‌ಹಿಲ್ಡ,

ಉತ್ತರ ತಡವಾಯಿತು, ಕ್ಷಮಿಸಿ. ಎದೆಯಲ್ಲಿ ಕಫ. ಪ್ರಕಾಶಕರು ಬೇರೆ ಬೆನ್ನು ಹತ್ತಿದ್ದಾರೆ.

ಟೇಪು ಕೇಳಿದೆ. 'ಹ', 'ಗ', ಸ್ವರಗಳು, ಉಸಿರು, ಎಲ್ಲವೂ ಸಿದ್ಧ. ಕೆಂಪು ಹಾಕಲು ನನಗೆ ಏನೂ ಸಿಗಲಿಲ್ಲ. ಧೈರ್ಯವಾಗಿ ಹೋಗಿಬನ್ನಿ.

ಹೊಸ ವರ್ಷದ ಶುಭಾಶಯಗಳು. ನಿಮ್ಮ ಅತ್ತೆಗೂ ತಿಳಿಸಿ.

ಏ. ತಾ.

*

ರಾನ್ಸೆ, 18 ಫೆಬ್ರುವರಿ 1968

ಮೇಷ್ಟ್ರೇ,

ಆಗಲಿಲ್ಲ.

ಆಗದ್ದನ್ನು ಎರಡು ಸಾಲಿನಲ್ಲಿ ಮುಗಿಸೋಣ ಅಂದುಕೊಂಡೆ, ಆದರೆ ನನ್ನ ಮನಸ್ಸಿಗೆ ಕೂರದ ಒಂದು ಮಾತು ಇದೆ, ಅದಕ್ಕಾಗಿ ಎಲ್ಲ ಬರೆಯುತ್ತೇನೆ.

ಅತ್ತೆ ತಾನೇ ನನ್ನ ಕೂದಲು ಸಿಂಗರಿಸಿ, ತನ್ನ ಕಡುನೀಲಿ ಕೋಟು ಹಾಕಿ ಕಳಿಸಿದಳು. ರೇಡಿಯೊದಲ್ಲಿ ಕೋಟು ಕಾಣುವುದಿಲ್ಲ ಅಂದರೆ, "ತೀರ್ಪು ಕೊಡೋರಿಗೆ ಕಣ್ಣಿರುತ್ತಲ್ಲೇ" ಅಂದಳು. ಬ್ರಸೆಲ್ಸಿನಲ್ಲಿ ಬೀದಿಯಲ್ಲೆಲ್ಲ ಫ್ರೆಂಚ್-ಡಚ್ ಭಾಷೆಯ ಗಲಾಟೆ, ಗೋಡೆ ತುಂಬ ಘೋಷಣೆ. ಗಾಜಿನ ಕೋಣೆಯಲ್ಲಿ ಕೂರಿಸಿದರು. ಮೊದಲು ಸುದ್ದಿ ಓದಿಸಿದರು. ಗಾಜಿನ ಆಚೆ ಕೂತಿದ್ದ ಮೂವರೂ ತಲೆದೂಗುತ್ತಿದ್ದರು, ನಾನು ನೋಡಿದೆ. ಆಮೇಲೆ ಗೃಹೋಪಯೋಗಿ ವಸ್ತುಗಳ ಮೇಳದ ಪ್ರಕಟಣೆ ಕೊಟ್ಟರು. ಉಡುಗೊರೆ ಚೀಟಿ, ಛಾವಣಿ ದೀಪ, ಬಾಲ್ಕನಿ ಬಾಗಿಲು, ಬಂದವರಿಗೆಲ್ಲ ಉಚಿತ ಚಾಕೊಲೇಟು ಹಾಲು. ನನ್ನ ಅದೃಷ್ಟ ನೋಡಿ, ಎಲ್ಲವೂ ಚುಕ್ಕಿಯ ಪದಗಳೇ ಅಂತ ಒಳಗೊಳಗೇ ಹಿಗ್ಗಿದೆ. ಅತಿ ಸ್ಪಷ್ಟವಾಗಿ, ಒಂದೊಂದನ್ನೂ ಒತ್ತಿ ಒತ್ತಿ ಓದಿದೆ. ಒಬ್ಬಾಕೆ ಬಾಯಿಗೆ ಕರವಸ್ತ್ರ ಹಿಡಿದರು. ಕೆಮ್ಮು ಅಂದುಕೊಂಡೆ.

ಹೊರಗೆ ಬಂದ ಮೇಲೆ ಅವರಲ್ಲಿ ವಯಸ್ಸಾದವರೊಬ್ಬರು ಹಿಂದೆಯೇ ಬಂದರು. ಒಳ್ಳೆಯ ಮನುಷ್ಯ. "ನಿಮಗೆ ಪಾಠ ಹೇಳಿದ್ದು ಯಾರಮ್ಮಾ?" ಅಂದರು. ಹಾರ್ಲೆಮ್ಮಿನವರು ಅಂದೆ. "ಅದೇ ನನಗೆ ಅರ್ಥವಾಗ್ತಿಲ್ಲ. ಇಷ್ಟು ಚೊಕ್ಕ ಮಾತು ನಾವು ಇವತ್ತು ಇನ್ಯಾರಿಂದ್ಲೂ ಕೇಳಲಿಲ್ಲ. ಮಧ್ಯೆ ಇದ್ದಕ್ಕಿದ್ದ ಹಾಗೆ ಕ್ಷೌರದಂಗಡಿ ಬಂದುಬಿಡ್ತದೆ. ಅದೂ ಒಂದೇ ಜಾತಿ ಪದಗಳಲ್ಲಿ. ತೋಟದ ಕಳೆಯೆಲ್ಲ ಕಿತ್ತು ಒಂದು ಪಾತಿ ಮಾತ್ರ ಬೇಕೂಂತ್ಲೇ ಬಿಟ್ಟ ಹಾಗಿದೆ" ಅಂದರು.

ಕ್ಷೌರದಂಗಡಿ ಅಂತ ಅವರಿಗೆ ನಾನು ಹೇಳಿರಲಿಲ್ಲ.

ನಾನು ಎಲ್ಲಿ ಎಡವಿದೆ ಮೇಷ್ಟ್ರೇ? ಹೆದರಿಕೆಯಲ್ಲಿ ನೀವು ಹೇಳಿಕೊಟ್ಟದ್ದನ್ನು ಮರೆತೆನೇ? ತಪ್ಪು ನನ್ನದೇ ಇರಬೇಕು. ಯಾವುದೆಂದು ಗೊತ್ತಾದರೆ ಸಾಕು.

ರೈನ್‌ಹಿಲ್ಡ

*

ಹಾರ್ಲೆಮ್, 1 ಮಾರ್ಚ್ 1968

ಪ್ರಿಯ ರೈನ್‌ಹಿಲ್ಡ,

ಸುದ್ದಿ ತಿಳಿದು ದುಃಖವಾಯಿತು. ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಬ್ರಸೆಲ್ಸಿನಲ್ಲಿ ಈಗ ನಡೆಯುತ್ತಿರುವ ಜಗಳದಲ್ಲಿ ಯಾರಿಗೂ ನೆಟ್ಟಗೆ ಕಿವಿಯಿಲ್ಲ. ನೀವು ಉತ್ತರದ ನಮ್ಮ ಹಾಲೆಂಡಿನವರಂತೆ ಮಾತಾಡಿದ್ದೇ ಅವರಿಗೆ ಹಿಡಿಸಿರಲಾರದು. ಇಂಥ ಸಮಿತಿಗಳು ಮೊದಲೇ ಯಾರನ್ನೋ ಆರಿಸಿಟ್ಟಿರುತ್ತವೆ.

ಕೆಲಸದಲ್ಲಿ ಮನಸ್ಸಿಡಿ. ದುಃಖಕ್ಕೆ ಅದಕ್ಕಿಂತ ಒಳ್ಳೆಯ ಮದ್ದು ನನಗೆ ತಿಳಿದಿಲ್ಲ. ನಾಲ್ಕನೆಯ ಅಧ್ಯಾಯಕ್ಕೆ ಇನ್ನು ಕೆಲವೇ ಪದಗಳು ಬೇಕು, ಪಟ್ಟಿ ಲಗತ್ತಿಸಿದ್ದೇನೆ.

ನಿಮ್ಮ,
ಏವರ್ಟ್ ತಾದೆಮಾ

*

ರಾನ್ಸೆ, 17 ಮಾರ್ಚ್ 1968

ಶ್ರೀ ತಾದೆಮಾ ಅವರಿಗೆ,

ನಾನು ಕೇಳಿದ್ದು ಬ್ರಸೆಲ್ಸಿನ ಜಗಳದ ಬಗ್ಗೆ ಅಲ್ಲ.

ಈ ಎರಡು ವಾರ ನೀರು ನಿಲ್ಲಿಸಿ ರೇಡಿಯೊ ಕೇಳಿದೆ. ನೀವು ಬೇಡ ಅಂದಿದ್ದಿರಿ, ಕೇಳಿದೆ. ಉಡುಗೊರೆ ಚೀಟಿಗೆ ಒತ್ತು ಎರಡನೆಯ ತುಂಡಿನ ಮೇಲೆ. ಸುಗಂಧದ ಸೀಸೆಗೂ ಎರಡನೆಯದರ ಮೇಲೆ. ಛಾವಣಿ ದೀಪಕ್ಕೂ ಹಾಗೇ. ಹಾರ್ಲೆಮ್ಮಿನಿಂದ ಬಂದ ಒಬ್ಬ ಬಟ್ಟೆ ವ್ಯಾಪಾರಿ ಅಂಗಡಿಗೆ ಬಂದಿದ್ದರು, ಅವರ ಹೆಂಡತಿಯ ತಲೆ ತೊಳೆಯುತ್ತ ನಿಮ್ಮ ಊರಿನಲ್ಲಿ ಹೇಗೆ ಹೇಳುತ್ತೀರಿ ಅಂತ ಒಂದೊಂದಾಗಿ ಕೇಳಿದೆ. ಅವರೂ ಹಾಗೇ ಹೇಳಿದರು. ಅದು ಗೊತ್ತಿಲ್ಲದವರು ನಿಮ್ಮ ಊರಿನಲ್ಲಿ ಯಾರೂ ಇಲ್ಲವಂತೆ.

ನನ್ನ 'ಹ'ಕಾರ ಒಂದು ಕೂದಲೆಳೆ ತಪ್ಪಿದರೂ ನೀವು ಬಿಡಲಿಲ್ಲ. ಒತ್ತು ಪೂರ್ತಿ ತಲೆಕೆಳಗಾಗಿದ್ದರೆ ಚುಕ್ಕಿ ಕೊಟ್ಟಿರಿ. ಚುಕ್ಕಿ ಬಿದ್ದರೆ ಸರಿ ಅಂತ ನಾನು ತಿಳಿದಿದ್ದೇನೆಂದು ನಿಮಗೆ ಗೊತ್ತಿತ್ತು. ಕನ್ನಡಿಗೆ ಸಿಕ್ಕಿಸಿಕೊಂಡದ್ದನ್ನೂ ಬರೆದಿದ್ದೆ. ಪರೀಕ್ಷೆಗೆ ಇದೇ ಸರಿಯೇ ಅಂತ ನೇರವಾಗಿ ಕೇಳಿದ್ದೆ. ಡಿಸೆಂಬರಿನಲ್ಲಿ ಕೆಂಪು ಹಾಕಲು ಏನೂ ಸಿಗಲಿಲ್ಲ ಅಂತ ಬರೆದಿರಿ.

ಯಾಕೆ?

ರೈನ್‌ಹಿಲ್ಡ ಕೊಸೈನ್ಸ್

*

ಹಾರ್ಲೆಮ್, 8 ಏಪ್ರಿಲ್ 1968

ಪ್ರಿಯ ರೈನ್‌ಹಿಲ್ಡ,

ನೀವು ಕೋಪಗೊಂಡಿದ್ದೀರಿ. ಶಾಂತವಾಗಿ ಓದಿ.

ನೀಲಿ ಎಂದರೆ ಸರಿ ಎಂದು ನಾನು ಎಲ್ಲೂ ಬರೆದಿಲ್ಲ. ಇದ್ದ ಹಾಗೇ ಬಿಡಿ ಎಂದು ಬರೆದೆ. ಯಾಕೆಂದರೆ ಅವು ನನಗೆ ತಪ್ಪುಗಳಲ್ಲ. ಫ್ರೆಂಚ್ ಪದವೊಂದು ನಿಮ್ಮ ಊರಿಗೆ ಬಂದು, ನೇಕಾರರ ಬಾಯಲ್ಲಿ ಮುನ್ನೂರು ವರ್ಷ ಸವೆದು, ಒತ್ತನ್ನು ಕೊನೆಯಿಂದ ಮೊದಲಿಗೆ ತಂದುಕೊಂಡು, ನಮ್ಮ ಪದವೊಂದರ ಜೊತೆ ಸಂಸಾರ ಹೂಡಿ ಕೂತಿದೆ. ಅದನ್ನು ಬದುಕಿರುವಾಗಲೇ ಹಿಡಿದವರು ಯಾರೂ ಇಲ್ಲ. ಓದಿದವರ ಬಳಿ ಕೇಳಿದರೆ ನಾಚಿಕೆಯಿಂದ ತಿದ್ದಿಕೊಂಡು ಹೇಳುತ್ತಾರೆ. ಮುದುಕರಿಗೆ ಟೇಪ್ ರೆಕಾರ್ಡರ್ ಕಂಡರೆ ಬಾಯಿ ಬರುವುದಿಲ್ಲ. ನಿಮ್ಮಷ್ಟು ಸ್ಪಷ್ಟವಾಗಿ, ನಿಮ್ಮಷ್ಟು ಅರಿವಿಲ್ಲದೆ ಹೇಳುವವರು ನನಗೆ ಇಪ್ಪತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ. ಒಮ್ಮೆ ತಿದ್ದಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತು. ಸರಿಯಾದದ್ದನ್ನು ಕೇಳಿದ ಮೇಲೆ ಯಾರೂ ಕೇಳದವರ ಹಾಗೆ ಮಾತಾಡಲಾರರು.

ಪುಸ್ತಕ ಮುಗಿದ ಮೇಲೆ ಆ ಪದಗಳನ್ನೂ ತಿದ್ದಿಕೊಡಬೇಕೆಂದೇ ಇದ್ದೆ. ಪರೀಕ್ಷೆ ಮೊದಲು ಬಂತು. ನಾಲ್ಕಾರು ಪದಕ್ಕಾಗಿ ಅವರು ನಿಮ್ಮನ್ನು ಬಿಡಲಾರರು ಎಂದು ನಂಬಿದ್ದೆ. ನನ್ನ ಅಂದಾಜು ತಪ್ಪಾಯಿತು, ಅದಕ್ಕೆ ವಿಷಾದವಿದೆ.

ಆದರೆ ಇನ್ನೊಂದು ದಿಕ್ಕಿನಿಂದಲೂ ನೋಡಿ. ಉದ್ಘೋಷಕಿಯ ದನಿ ಗಾಳಿಯಲ್ಲಿ ಹೋಗಿಬಿಡುತ್ತದೆ. ನಿಮ್ಮದು ಪುಸ್ತಕದಲ್ಲಿ ಉಳಿಯುತ್ತದೆ. ರಾನ್ಸೆಯ ಬಗ್ಗೆ ಮುಂದೆ ಯಾರು ಬರೆದರೂ ನಿಮ್ಮ ಚಾಕೊಲೇಟು ಹಾಲನ್ನು ದಾಟಿ ಹೋಗಲಾರರು. ಪುಸ್ತಕ ಅಚ್ಚಿಗೆ ಹೋಗಿದೆ. ಕೊನೆಯ ಪಟ್ಟಿಯ ಪದಗಳು ಮಾತ್ರ ಬಾಕಿ, ಅವನ್ನು ಹಳೆಯ ರೀತಿಯಲ್ಲೇ ಓದಿ ಕಳಿಸಿಕೊಡಿ. ಬೇಡಿಕೊಳ್ಳುತ್ತಿದ್ದೇನೆ ಎಂದೇ ತಿಳಿಯಿರಿ.

ನಿಮ್ಮ,
ಏವರ್ಟ್ ತಾದೆಮಾ

*

ರಾನ್ಸೆ, 5 ಮೇ 1968

ಶ್ರೀ ತಾದೆಮಾ ಅವರಿಗೆ,

ನಿಮ್ಮ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಅವಳು ಕತ್ತರಿ ಕೆಳಗಿಟ್ಟು ಕೇಳಿದಳು. ಮುಗಿದ ಮೇಲೆ, "ಅಂದ್ರೆ ನಾವು ಕೂದಲು ಗುಡಿಸಿ ಎಸೀತೀವಲ್ಲ, ಅದನ್ನ ಈ ಮನುಷ್ಯ ಆರಿಸಿ ಗಾಜಿನ ಪೆಟ್ಟಿಗೇಲಿ ಇಡ್ತಾನೆ ಅನ್ನು. ಇಡ್ಲಿ. ಆದ್ರೆ ತಲೆ ಯಾಕೆ ಕತ್ತರಿಸಿದ?" ಅಂದಳು. ಇನ್ನೂ ಕೆಲವು ಮಾತು ಆಡಿದಳು, ಅವುಗಳ ಒತ್ತು ಎಲ್ಲಿ ಬೀಳುತ್ತದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ.

ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟಿದೆಯೆಂದರೆ, ಬಿಸಿನೀರಿನ ನಲ್ಲಿ ತಿರುಗಿಸಿ ತಣ್ಣೀರು ಬೆರೆಸುವುದನ್ನೇ ಮರೆಯುತ್ತೇನೆ. ನಿಮ್ಮ 'ಹ'ಕಾರ ಹಾಕದೆ ಬೈಯಲು ಹೋದರೆ ಅದೂ ಬರುತ್ತಿಲ್ಲ. ನನ್ನ ಬೈಗುಳ ಕೂಡ ಈಗ ಹಾರ್ಲೆಮ್ಮಿನದು.

ಪದ ಕಳಿಸುವುದಿಲ್ಲ. ಬದಲಿಗೆ, ಹೋದ ವರ್ಷ ಬರೆಯದೆ ಬಿಟ್ಟ ಒಂದು ಮಾತು ಕಳಿಸುತ್ತೇನೆ.

ಅತ್ತೆ ನನ್ನ ಟೇಪು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಯಾಕೆಂದು ಬರೆಯುವುದಿಲ್ಲ ಅಂದಿದ್ದೆನಲ್ಲ. ಅವಳು ಕೇಳಿದ್ದು ನಿಮ್ಮ ಚಾಕೊಲೇಟು ಹಾಲು. "ಹಾಗೆ ಯಾರೇ ಹೇಳ್ತಾರೆ? ನಿಮ್ಮಜ್ಜಿ ಹೇಳಿದ್ಲಾ, ನಾನು ಹೇಳ್ದೆನಾ? ಕುದುರೆ ಎಡವಿದ ಹಾಗಿದೆ" ಅಂದಳು. ನಿಜ, ಯಾರೂ ಹಾಗೆ ಹೇಳುವುದಿಲ್ಲ. ಆ ಪದಕ್ಕೆ ರಾನ್ಸೆಯಲ್ಲೂ ಒತ್ತು ಹಾರ್ಲೆಮ್ಮಿನಲ್ಲಿ ಬೀಳುವ ಕಡೆಯೇ ಬೀಳುತ್ತದೆ. ಬಾಲ್ಕನಿ ಬಾಗಿಲಿಗೂ ಅಷ್ಟೆ. ಇನ್ನೂ ಎಷ್ಟಕ್ಕೋ.

ನೀವು ಮೊದಲ ತುಂಡಿಗೆ ಒತ್ತು ಬಿದ್ದ ಪದಗಳಿಗೆಲ್ಲ ಚುಕ್ಕಿ ಕೊಡುತ್ತಿದ್ದಿರಿ. ಕೆಲವು ಚೀಟಿ ವಾಪಸು ಬಂದ ಮೇಲೆ ನನಗೆ ಅದು ಗೊತ್ತಾಯಿತು. ಮೊದಲು ಒತ್ತುವುದೇ ಶುದ್ಧ ಭಾಷೆ, ಕೊನೆಗೆ ಒತ್ತುವುದು ಮದಾಂ ದೆಲ್‌ಕೂರರ ಫ್ರೆಂಚ್ ಚಾಳಿ, ಅದನ್ನು ಬಿಡಿಸಲು ಮೇಷ್ಟ್ರು ಯತ್ನಿಸುತ್ತಿದ್ದಾರೆ ಅಂದುಕೊಂಡೆ. ಹೊಸ ಪದ ಸಿಕ್ಕಿದಾಗಲೆಲ್ಲ ಗಿರಾಕಿ ಹೇಳಿದ್ದನ್ನು ಬಿಟ್ಟು, ನಾನೇ ಒತ್ತನ್ನು ಎಳೆದು ಮುಂದೆ ತಂದು ಕೂರಿಸಿದೆ. ತಲೆಗಳ ಮೇಲೆ ತಟ್ಟಿ ತಟ್ಟಿ ಅಭ್ಯಾಸ ಮಾಡಿದೆ. ಯೋಚನೆ ಮಾಡದೆ ಓದಿ ಅಂದಿದ್ದಿರಿ, ನಾನು ಮಾಡಿದ್ದೆಲ್ಲ ಯೋಚನೆಯೇ. ಬುದ್ಧಿವಂತ ವಿದ್ಯಾರ್ಥಿನಿ ನಾನು, ನಿಯಮವನ್ನು ಹೇಳಿಕೊಡದೆಯೇ ಹಿಡಿದುಬಿಟ್ಟೆ ಅಂತ ಹೆಮ್ಮೆಪಟ್ಟುಕೊಂಡೆ. ಅತ್ತೆಗೆ, "ಮೇಷ್ಟ್ರು ಚುಕ್ಕಿ ಕೊಟ್ಟಿದ್ದಾರೆ, ನಿನಗೇನು ಗೊತ್ತು" ಅಂದೆ. ಪಾಪ, ಕತ್ತರಿ ಎತ್ತಿಕೊಂಡು ಗಿರಾಕಿಯ ಕಡೆ ತಿರುಗಿದಳು.

ನಿಮ್ಮ ನಾಲ್ಕನೆಯ ಅಧ್ಯಾಯದ ದೊಡ್ಡ ಸಂಗತಿ ನಮ್ಮ ಊರಿನಲ್ಲಿ ನಡೆಯುತ್ತಿಲ್ಲ ಸ್ವಾಮಿ. ನೇಕಾರರಿಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮನ್ನು ಮೆಚ್ಚಿಸಲು ಒಬ್ಬ ಹುಡುಗಿ ಹೊಸೆದದ್ದು ಅದು. ಆ ಗಾಜಿನ ಕೋಣೆಯಲ್ಲಿ ಕೂತು ಓದಿದ್ದೂ ಅದನ್ನೇ. ಆಕೆ ಕರವಸ್ತ್ರ ಬಾಯಿಗೆ ಹಿಡಿದದ್ದು ಚಾಕೊಲೇಟು ಹಾಲಿಗೆ.

ರೈನ್‌ಹಿಲ್ಡ ಕೊಸೈನ್ಸ್

*

ಹಾರ್ಲೆಮ್, 10 ಮೇ 1968

ಕುಮಾರಿ ಕೊಸೈನ್ಸ್,

ಯಾವ ಪದಗಳು? ಚೀಟಿಗಳ ಪೂರ್ತಿ ಪಟ್ಟಿ ಇದರೊಡನಿದೆ. ನಿಜವಾದವುಗಳ ಎದುರು ಒಂದು ಗೀಟು ಹಾಕಿ ಕಳಿಸಿ, ಇಷ್ಟೇ ಸಾಕು. ಮುದ್ರಣವನ್ನು ಈ ತಿಂಗಳ ಕೊನೆಯವರೆಗೆ ತಡೆದು ನಿಲ್ಲಿಸಿದ್ದೇನೆ. ಅದಕ್ಕಿಂತ ಹೆಚ್ಚು ನಿಲ್ಲಿಸಲಾಗದು. ಇಪ್ಪತ್ತು ವರ್ಷದ ಕೆಲಸ. ನನ್ನ ಮೇಲಿನ ಸಿಟ್ಟನ್ನು ಅದರ ಮೇಲೆ ತೀರಿಸಿಕೊಳ್ಳಬೇಡಿ. ಬೇಕಾದರೆ ನಾನೇ ರಾನ್ಸೆಗೆ ಬಂದು ಅಂಗಡಿಯಲ್ಲಿ ಕೂತು ಕೇಳುತ್ತೇನೆ.

ತಾದೆಮಾ

*

ರಾನ್ಸೆ, 26 ಮೇ 1968

ಶ್ರೀ ತಾದೆಮಾ ಅವರಿಗೆ,

ನಿಮ್ಮ ಪಟ್ಟಿ ಹಿಡಿದು ಕೂತೆ. ಸಿಟ್ಟಿನಿಂದಲ್ಲ, ಮಾಡಿಕೊಡೋಣ ಅಂತಲೇ ಕೂತೆ. ನಿಮ್ಮ ಪತ್ರದ ಕೈಬರಹ ಮೊದಲಿನ ಹಾಗಿರಲಿಲ್ಲ, ಕನಿಕರ ಬಂತು. ಅದಕ್ಕಾಗಿ ನನ್ನ ಮೇಲೆ ನನಗೆ ಬೇಸರವೂ ಆಯಿತು.

ಛತ್ರಿ ಡಬ್ಬಿಗೆ ಗೀಟು ಹಾಕಿದೆ. ಅದು ನನ್ನದು, ನಿಮ್ಮನ್ನು ಬಾಗಿಲಲ್ಲಿ ನಿಲ್ಲಿಸಿದ್ದು ಅದೇ ತಾನೇ. ಸುಗಂಧದ ಸೀಸೆಗೂ ಹಾಕಿದೆ. ಚಾಕೊಲೇಟು ಹಾಲನ್ನೂ ಬಾಲ್ಕನಿ ಬಾಗಿಲನ್ನೂ ಹೊಡೆದುಹಾಕಿದೆ. ಆಮೇಲೆ ಕಾಲುದಾರಿಯ ಕಲ್ಲು ಬಂತು. ಹೇಳಿ ನೋಡಿದೆ. ಮೊದಲನೆಯದಕ್ಕೆ ಒತ್ತಿದರೆ ಚುಕ್ಕಿಗಾಗಿ ಒತ್ತಿದ ಹಾಗೆ ಕೇಳಿಸುತ್ತದೆ. ಎರಡನೆಯದಕ್ಕೆ ಒತ್ತಿದರೆ ರೇಡಿಯೊ. ಬೇಸಿನ್ನಿನ ಅಂಚಿಗೆ ಬಾಚಣಿಗೆಯಿಂದ ತಟ್ಟಿದೆ. ಯಾವ ತಟ್ಟೂ ತಾನಾಗಿ ಜೋರಾಗಲಿಲ್ಲ, ನಾನು ಜೋರು ಮಾಡಿದ್ದೇ ಜೋರಾಯಿತು. ಶಿಬಿರಕ್ಕೆ ಬರುವ ಮುಂಚೆ ನಾನು ಆ ಕಲ್ಲನ್ನು ಹೇಗೆ ಕರೆಯುತ್ತಿದ್ದೆ ಅಂತ ಎಷ್ಟು ಯೋಚಿಸಿದರೂ ಬರಲಿಲ್ಲ. ಆ ಕಲ್ಲಿನ ಮೇಲೇ ಕುಂಟಾಬಿಲ್ಲೆ ಆಡಿ ಬೆಳೆದವಳು ನಾನು. ಅದರ ಕೆಳಗಿನ ಪದಗಳಿಗೆಲ್ಲ ಅದೇ ಗತಿ.

ಅತ್ತೆಯನ್ನು ಕೇಳಿದೆ. ಅವಳಿಗೂ ಗೊತ್ತಾಗಲಿಲ್ಲ. ಯಾಕೆಂದರೆ ನನ್ನನ್ನು ಅಣಕಿಸಿ ಅಣಕಿಸಿ ಅಂಗಡಿಯ ಹೆಂಗಸರೆಲ್ಲ ಎರಡು ವರ್ಷದಿಂದ ಹಾಗೇ ಮಾತಾಡುತ್ತಿದ್ದಾರೆ. ಮದಾಂ ದೆಲ್‌ಕೂರ್ ಮೊನ್ನೆ ಬಾಗಿಲಲ್ಲೇ ನಿಂತು ನಿಮ್ಮ ಚುಕ್ಕಿಯ ಧಾಟಿಯಲ್ಲಿ ಚಾಕೊಲೇಟು ಹಾಲು ಕೇಳಿದರು. ನಗಲಿಲ್ಲ. ಅಭ್ಯಾಸವಾಗಿಹೋಗಿದೆ ಅವರಿಗೆ.

ಬನ್ನಿ, ಅಂಗಡಿಯಲ್ಲಿ ಕೂತು ಕೇಳಿ. ಎಲ್ಲರೂ ನೀವು ಬರೆದ ಹಾಗೇ ಹೇಳುತ್ತಾರೆ. ಒಂದು ಪದಕ್ಕೂ ಕೆಂಪು ಹಾಕಬೇಕಾಗುವುದಿಲ್ಲ.

ಪಟ್ಟಿಯನ್ನು ಎರಡು ಗೀಟಿನೊಂದಿಗೆ ವಾಪಸು ಕಳಿಸಿದ್ದೇನೆ.

ರೈನ್‌ಹಿಲ್ಡ ಕೊಸೈನ್ಸ್